ಬಾಣಂತಿ ಕೋಣೆಯ ಮಾವಶಿ

ಈ ಹುಡುಗಿಯಿಂದ ಆಗುವುದಿಲ್ಲ ಎಂದು ನನ್ನ ಬಗ್ಗೆ ಅಂದವರು ನಮ್ಮ ಕಾಕಾ. ನನ್ನ ಹತ್ತನೆಯ ಇಯತ್ತೆಯ ಫಲಿತಾಂಶ ಬಂದ ದಿನ ಖಾನಾಪುರ ಬಸ್ ಸ್ಟ್ಯಾಂಡಿನಲ್ಲಿ ನಿಂತುಕೊಂಡೇ ಅಪ್ಪನಿಗೆ ಹೇಳಿದರು: "ಕುರಿ ಹಿಂದ ಅಡ್ಡಾಡೂ ಮಂದಿ ನಾವು. ಡಿಗ್ರಿ ಗಿಗ್ರಿ ಅಂದ್ರ ಅದು ಆಗೂ ಮಾತಲ್ಲ, ಅಣ್ಣಾ. ಪಾಸಾಗ್ಯಾಳ, ಅಷ್ಟ ಸಾಕು."

ನಮ್ಮ ಘಟಕದಲ್ಲಿ ಕಾಳು ಬೇಯಿಸುತ್ತಿದ್ದ, ಎಲ್ಲರೂ ಮಾವಶಿ (ಚಿಕ್ಕಮ್ಮ) ಎನ್ನುತ್ತಿದ್ದ ಹೆಂಗಸಿಗೆ ಆಗುವುದಿಲ್ಲ ಎಂದವರು ಅಲ್ಲಿನ ಸಾಹೇಬರು. ಅವರದೂ ಅದೇ ಮಾತು. "ಮಾವಶಿ, ನಿಮಗ ಸರ್ಟಿಫಿಕೇಟ್ ಕೊಡೂದು ಆಗೂ ಮಾತಲ್ಲ ನೋಡ್ರಿ."

ಕಾಕಾ ಸೋತರು. ನಾನು ಬಿ.ಎಸ್ಸಿ. ಮಾಡಿದೆ, ಎಂ.ಎಸ್ಸಿ. ಮಾಡಿದೆ, ಈಗ ಆ ಸಾಹೇಬರ ಕುರ್ಚಿಯಲ್ಲಿ ಕೂತಿದ್ದೇನೆ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾರೂ ಪುಕ್ಕಟೆ ಕೊಟ್ಟದ್ದಲ್ಲ. ಸಾಹೇಬರ ಮಾತು ಮಾತ್ರ ಬಹಳ ದಿನ ಹಾಗೇ ಉಳಿಯಿತು. ಅದು ಉಳಿದದ್ದರಲ್ಲಿ ನನ್ನ ಪಾಲಿದೆ. ಅದನ್ನೂ ಹೇಳಬೇಕಲ್ಲ, ಅದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಹೋದ ತಿಂಗಳು ಒಂದು ಬೆಳಿಗ್ಗೆ ಅನಗೋಳದಿಂದ ಫೋನ್ ಬಂತು. ಮಾವಶಿಯ ಬಾಜೂಮನೆಯವರು. "ನಿಮ್ಮ ಮಾವಶಿ ಹೋದ್ರು ನೋಡ್ರಿ, ನಸುಕಿನ್ಯಾಗ. ದಮ್ಮು ಭಾಳ ಆಗಿತ್ತು." ನಾನು "ಹೌದ್ರಿ" ಎಂದೆ. ಫೋನ್ ಇಟ್ಟೆ. ನನ್ನ ಮುಂದೆ ಬೂಷ್ಟು ಬೆಳೆಸುವ ನಾಲ್ಕು ದಿನದ ಚೀಲಗಳಿದ್ದವು. ಒಳಗೆ ನುಚ್ಚಕ್ಕಿ ಬೂಷ್ಟಿನ ಬಿಳಿ ನೂಲಿನಿಂದ ಗಟ್ಟಿಯಾಗಿ ಹೆಣೆದುಕೊಂಡಿತ್ತು; ಅದನ್ನು ಆ ದಿನವೇ ಹೊರಗಿನಿಂದ ಕೈಯಲ್ಲಿ ಅವುಚಿ ಬಿಡಿಸಬೇಕು, ಇಲ್ಲವಾದರೆ ನಡುವಿನ ಕಾಳಿಗೆ ಗಾಳಿ ಸಿಗುವುದಿಲ್ಲ. ಒಂದೊಂದೇ ಚೀಲ ಎತ್ತಿ ಬಿಡಿಸುತ್ತಾ ಹೋದೆ. ಎಲ್ಲಾ ಮುಗಿಸಿ ಎದ್ದೆ. ಅಳು ಬರಲಿಲ್ಲ. ಬರುತ್ತದೆ ಎಂದು ಕಾದೆ. ಊಟದ ಹೊತ್ತಾಯಿತು, ಡಬ್ಬಿ ತೆಗೆದು ರೊಟ್ಟಿ ತಿಂದೆ.

ನಮ್ಮ ಘಟಕ ದೊಡ್ಡದೇನಲ್ಲ. ಖಾಸಬಾಗದ ಒಂದು ಓಣಿಯ ಕೊನೆಗೆ ಹಳೆಯ ಮಗ್ಗದ ಶೆಡ್ಡು. ಬಾಜೂ ಶೆಡ್ಡುಗಳಲ್ಲಿ ಇವತ್ತಿಗೂ ಮಗ್ಗ ಓಡುತ್ತವೆ, ಬೆಳಗಿನಿಂದ ಖಟಖಟ. ನಮ್ಮಲ್ಲಿ ಸದ್ದಿಲ್ಲದೆ ಬೂಷ್ಟು ಬೆಳೆಯುತ್ತದೆ. ಕಬ್ಬಿನ ಬೇರು, ಬತ್ತದ ಬೇರು ತಿಂದು ಗದ್ದೆಗೆ ಗದ್ದೆಯನ್ನೇ ಹಳದಿ ಮಾಡುವ ಗೊಣ್ಣೆಹುಳಕ್ಕೆ ಒಂದು ಹಸಿರು ಬೂಷ್ಟು ವೈರಿ. ಅದರ ಪುಡಿಯನ್ನು ಸಗಣಿ ಗೊಬ್ಬರದಲ್ಲಿ ಕಲೆಸಿ ಮೊದಲ ಮಳೆಗೆ ಹೊಲಕ್ಕೆ ಹಾಕಿದರೆ, ಮಣ್ಣಿನೊಳಗೆ ಹುಳದ ಮೈಗೆ ಅಂಟಿ ಒಳಗೆ ಇಳಿಯುತ್ತದೆ. ಹುಳ ಸೆಟೆದುಕೊಂಡು ಸಾಯುತ್ತದೆ, ಮೊದಲು ಬೆಳ್ಳಗೆ, ಆಮೇಲೆ ಹಸಿರಾಗಿ. ಆ ಬೂಷ್ಟನ್ನು ಚೀಲಗಟ್ಟಲೆ ಬೆಳೆಸಲು ಕಾಳು ಬೇಕು. ಕಾಳು ಬೇಯಿಸಲು ಒಬ್ಬರು ಬೇಕು. ಮಾವಶಿಯನ್ನು ತಂದದ್ದು ಕಸ ಗುಡಿಸಲು. ಮೊದಲು ಕಾಳು ಬೇಯಿಸುತ್ತಿದ್ದವನು ಬಿಟ್ಟುಹೋದ ಮೇಲೆ ಅವರೇ ಒಲೆ ಮುಂದೆ ನಿಂತರು. ಮತ್ತೆ ಅಲ್ಲಿಂದ ಅವರನ್ನು ಯಾರೂ ಸರಿಸಲಿಲ್ಲ.

ಅನಗೋಳದ ಹೆಂಗಸರಿಗೆ ಇದೊಂದು ದೊಡ್ಡ ತಮಾಷೆ. "ನಾವು ಬೂಸರು ಬಂದ ಅಕ್ಕಿ ಕೋಳಿಗೆ ಚೆಲ್ಲತೇವಿ. ಇಕಿ ಬೂಸರು ಬರ್ಲಿ ಅಂತ ಅಕ್ಕಿ ಬೇಯಸ್ತಾಳ" ಎಂದು ನಳದ ಹತ್ತಿರ ನಗುತ್ತಿದ್ದರಂತೆ. ಮಾವಶಿ ಅದನ್ನು ನಮಗೆ ಹೇಳಿ ತಾವೂ ನಗುತ್ತಿದ್ದರು. "ನಾನೂ ಅಂದೆ: ನಿಮ್ಮ ಮನ್ಯಾಗಿನ ಬೂಸರು ಏನೂ ಕೆಲಸ ಮಾಡಂಗಿಲ್ಲ, ನಿಮ್ಮ ಗಂಡಂದಿರ ಹಂಗ. ನನ್ನ ಬೂಸರು ದುಡೀತೈತಿ."

ಎಂ.ಎಸ್ಸಿ. ಪ್ರಬಂಧಕ್ಕಾಗಿ ನಾನು ಅಲ್ಲಿಗೆ ಬಂದ ಮೊದಲ ದಿನ ಸಾಹೇಬರು ನನ್ನನ್ನು ಅವರ ಹತ್ತಿರ ಕಳಿಸಿದರು. ಯಾವ ಕಾಳಿನ ಮೇಲೆ ಬೂಷ್ಟು ಚೆನ್ನಾಗಿ ಬೆಳೆಯುತ್ತದೆ, ನುಚ್ಚಕ್ಕಿಯೋ ಜೋಳವೋ ನವಣೆಯೋ ಎಂದು ಮೂರು ಸಲ ಬೆಳೆಸಿ ನೋಡುವುದು ನನ್ನ ವಿಷಯ. ನಾನು ನೋಟಬುಕ್ಕು ತೆಗೆದು ಕೇಳಿದೆ, "ಮಾವಶಿ, ಅಕ್ಕಿ ಎಷ್ಟ ನಿಮಿಷ ನೆನಸ್ತೀರಿ?"

ಅವರು ನನ್ನ ಮುಖ ನೋಡಿದರು. ನೆನೆದ ಒಂದು ಕಾಳು ತೆಗೆದು ನನ್ನ ಹೆಬ್ಬೆರಳ ಉಗುರಿನ ಮೇಲಿಟ್ಟರು. "ಒತ್ತು." ಒತ್ತಿದೆ. ಕಾಳು ಮುರಿಯಿತು, ನಡುವೆ ಒಂದು ಬಿಳಿ ಚುಕ್ಕೆ. "ಆ ಚುಕ್ಕಿ ಇರಬೇಕು. ಚುಕ್ಕಿ ಹೋತಂದ್ರ ಅನ್ನ ಆತು. ಅನ್ನ ಮಾಡಬ್ಯಾಡ, ಅಕ್ಕಿಗೆ ನೀರ ಕುಡಸು. ಬರ್ಕೋ."

ನಾನು ಬರೆದುಕೊಂಡೆ. ನನ್ನ ಪ್ರಬಂಧದಲ್ಲಿ ಅದು ತೇವಾಂಶದ ಪ್ರಮಾಣ ಎಂದು ಒಂದು ಅಂಕಿಯಾಗಿ ಬಂದಿದೆ. ಚುಕ್ಕೆಯ ಸುದ್ದಿ ಬಂದಿಲ್ಲ.

ಹೊಗಳುವುದು ಅವರ ಸ್ವಭಾವದಲ್ಲೇ ಇರಲಿಲ್ಲ. ಕೆಲಸ ಸರಿಯಾದರೆ ಸುಮ್ಮನಿರುತ್ತಿದ್ದರು, ಅದೇ ಶಾಭಾಸ್‌ಗಿರಿ. ತಪ್ಪಾದರೆ ಮೂರು ಓಣಿಗೆ ಕೇಳುವ ಹಾಗೆ ಬೈಗುಳ. ಡಿಗ್ರಿ ಓದಿದವರ ಮೇಲೆ ವಿಶೇಷ ಪ್ರೀತಿ. "ಪುಸ್ತಕದಾಗ ಕೈ ತೊಳ್ಯೂದು ಬರದಿಲ್ಲೇನವಾ?" ಎಂದು ಹಂಗಿಸುತ್ತಿದ್ದರು. ಚೀಲ ಕೆಟ್ಟರೆ ಮೂಗಿನಿಂದಲೇ ಹಿಡಿಯುತ್ತಿದ್ದರು. ಹುಳಿ ಹಿಟ್ಟಿನ ವಾಸನೆ ಬಂದರೆ ಚೀಲದ ಬಾಯಿ ಬಿಚ್ಚದೆ ಎತ್ತಿ ಹೊರಗಿಡುತ್ತಿದ್ದರು. ಕೆಡಿಸುವ ಬೂಷ್ಟುಗಳಿಗೆ ಅವರದೇ ಹೆಸರುಗಳಿದ್ದವು. ಕರಿಯದು ಕಾಗೆ. ಕೇಸರಿ ಬಣ್ಣದ್ದು ಸ್ವಾಮಿ. "ಸ್ವಾಮಿ ಬಂದಾನ, ಹೊರಗ ಹಾಕ್ರಿ ಲಗೂ. ಒಬ್ಬ ಒಳಗ ಕುಂತಾ ಅಂದ್ರ ಎಂಟ ದಿನದಾಗ ಮಠಾ ಕಟ್ಟತಾನ." ಆ ಕೇಸರಿ ಬೂಷ್ಟು ಹಾಗೆಯೇ, ಒಂದು ಚೀಲದಲ್ಲಿ ಕಂಡರೆ ವಾರದಲ್ಲಿ ಕೋಣೆಯೆಲ್ಲ ಅದರದೇ.

ಚೀಲಗಳನ್ನು ಬೆಳೆಯಲು ಇಡುವ ಒಳಕೋಣೆಗೆ ಬಾಣಂತಿ ಕೋಣೆ ಎಂದು ಅವರೇ ಹೆಸರಿಟ್ಟಿದ್ದರು. ಬೆಚ್ಚಗೆ ಇರಬೇಕು, ಗಾಳಿ ಬೀಸಬಾರದು, ಕಂಡಕಂಡವರು ಹೋಗಬಾರದು. ಒಳಗೆ ಹೋಗುವ ಮೊದಲು ಅವರು ಕೈಯ ಬಳೆ ಅಷ್ಟೂ ತೆಗೆದು ಬಾಗಿಲ ಬಾಜೂ ಮೊಳೆಗೆ ಹಾಕುತ್ತಿದ್ದರು. ಬಳೆಯ ಸಂದಿನಲ್ಲಿ ಧೂಳು ಕೂರುತ್ತದೆ ಎಂದು. ಗಂಡ ಬದುಕಿದ್ದಾಗಲೇ ಹಾಗೆ ಬರಿಗೈ ಮಾಡಿಕೊಳ್ಳುವುದು ನೋಡಿ ಮಗ್ಗದ ಶೆಡ್ಡಿನ ಹೆಂಗಸರು ಬಾಯಿ ಮೇಲೆ ಕೈ ಇಟ್ಟುಕೊಂಡಿದ್ದರು. ಗಂಡ ಹೋದ ಮೇಲೆ ಅವರೇ ಬಂದು, ಹೇಳಿದ್ದೆವಲ್ಲ ಎಂದರಂತೆ. ಮಾವಶಿ ಇದನ್ನು ಒಮ್ಮೆ ಮಾತ್ರ ಹೇಳಿದರು, ಕಾಳು ಜರಡಿ ಹಿಡಿಯುತ್ತಾ. ಜರಡಿ ನಿಲ್ಲಿಸಲಿಲ್ಲ.

ಅವರಿಗೊಂದು ಆಸೆ ಇತ್ತು. ಒಂದೇ. ನಮ್ಮಲ್ಲಿ ರೈತರಿಗೆ, ಕಾಲೇಜು ಹುಡುಗರಿಗೆ ಐದು ದಿನದ ತರಬೇತಿ ನಡೆಯುತ್ತದೆ. ಮೊದಲ ದಿನ ಸಾಹೇಬರು ಭಾಷಣ ಮಾಡುತ್ತಿದ್ದರು, ಉಳಿದ ದಿನ ಕಲಿಸುವವರು ಮಾವಶಿ. ಕೊನೆಯ ದಿನ ಎಲ್ಲರಿಗೂ ಸರ್ಟಿಫಿಕೇಟು. ಅವನ್ನು ತಟ್ಟೆಯಲ್ಲಿ ಜೋಡಿಸಿ, ಹಿಡಿದು ನಿಲ್ಲುವವರೂ ಮಾವಶಿಯೇ. ತಟ್ಟೆ ಖಾಲಿಯಾಗುವವರೆಗೆ ನಿಂತು, ಆಮೇಲೆ ತಟ್ಟೆ ತೊಳೆದಿಡುತ್ತಿದ್ದರು.

ಒಂದು ಸಲ ಅವರು ಸಾಹೇಬರನ್ನು ಕೇಳಿದರು. ನಾನು ಅಲ್ಲೇ ಇದ್ದೆ. "ಸಾಹೇಬ್ರ, ನನಗೂ ಒಂದು ಬರದ ಕೊಡ್ರಿ. ಇಕಿಗೆ ಈ ಕೆಲಸ ಬರ್ತೈತಿ ಅಂತ. ಮತ್ತೇನ ಬ್ಯಾಡ."

"ನಿಮಗ್ಯಾಕ ಮಾವಶಿ? ಊರಿಗೇ ಗೊತ್ತೈತಿ."

"ಊರಿಗಿ ಗೊತ್ತಿದ್ದದ್ದು ನನ್ನ ಜೋಡಿ ಹೋಗ್ತೈತಿ. ಕಾಗದ ಇದ್ರ ಉಳೀತೈತಿ."

ಆಗ ಸಾಹೇಬರು ಅಂದರು, ಸಾಲಿ ಕಲಿತಿಲ್ಲ, ಯಾವ ಆಧಾರದ ಮೇಲೆ ಕೊಡುವುದು, ಆಗೂ ಮಾತಲ್ಲ ಎಂದು. ಕೆಟ್ಟ ಮನುಷ್ಯರಲ್ಲ ಅವರು. ನಿಯಮ ಅಂದರೆ ನಿಯಮ, ಅಷ್ಟೇ. ಆದರೆ ಆ ವರ್ಷದ ಮಳೆಗಾಲದಲ್ಲಿ ಖಾನಾಪುರದ ಕಡೆಯ ಒಂದು ತಂಡ ತರಬೇತಿಗೆ ಬಂತು. ಕೊನೆಯ ದಿನ ಅದರಲ್ಲಿ ಹಿರಿಯ ರೈತರೊಬ್ಬರು ತಮ್ಮ ಸರ್ಟಿಫಿಕೇಟು ಕೈಗೆ ತೆಗೆದುಕೊಳ್ಳದೆ ನಿಂತರು. ಅರ್ಧ ಮರಾಠಿ ಅರ್ಧ ಕನ್ನಡ ಆಡುವವರು. "ಖರೇ ಕಲಿಸಿದ್ದು ಈ ಬಾಯೀನ, ಈ ಅಕ್ಕಾನ. ಅವ್ರದ್ದು ಕುಠೇ, ಎಲ್ಲೈತಿ, ಸಾಹೇಬ? ತಟ್ಟಿಯಾಗ ಇಲ್ಲಲ್ಲ?" ಎಲ್ಲರೂ ನಕ್ಕರು. ಸಾಹೇಬರೂ ನಕ್ಕು, ದೀಪಾವಳಿ ಹೊತ್ತಿಗೆ ಕೊಡೂಣು ಎಂದು ಎಲ್ಲರ ಎದುರಿಗೆ ಒಪ್ಪಿಕೊಂಡರು. ಮಾವಶಿ ಅವತ್ತು ತಟ್ಟೆ ತೊಳೆಯುವುದನ್ನು ಮರೆತರು. ನಾನು ತೊಳೆದಿಟ್ಟೆ.

ದೀಪಾವಳಿಗೆ ಮೊದಲು ಖಂಡೇನವಮಿ ಬರುತ್ತದೆ.

ನಮ್ಮಲ್ಲಿ ಖಂಡೇನವಮಿಗೆ ಕೆಲಸದ ಸಾಮಾನಿಗೆಲ್ಲ ಪೂಜೆ. ಬಾಜೂ ಶೆಡ್ಡಿನಲ್ಲಿ ಮಗ್ಗಕ್ಕೆ, ನಮ್ಮಲ್ಲಿ ಕಾಳು ಬೇಯಿಸುವ ದೊಡ್ಡ ಕುಕ್ಕರಿಗೆ, ತಕ್ಕಡಿಗೆ, ಜರಡಿಗೆ. ಚೆಂಡುಹೂವು ಮಾವಶಿಯೇ ತಂದರು. ಬಾಣಂತಿ ಕೋಣೆಗೆ ಮಾತ್ರ ಪೂಜೆ ಬಾಗಿಲ ಹೊರಗೆ. "ಹೊರಗಿಂದನ ಕೈ ಮುಗೀರಿ. ಒಳಗ ಹೂ ಇಲ್ಲ, ನೀರಿಲ್ಲ, ಊದಿನಕಡ್ಡಿ ಇಲ್ಲ. ದೇವರಿಗೂ ಒಳಗ ಬಿಡಂಗಿಲ್ಲ ನಾ."

ಒಳಗೆ ನನ್ನ ಚೀಲಗಳಿದ್ದವು. ಮೂರನೆಯ ಸಲದ್ದು, ಕೊನೆಯದು. ಅದು ಸರಿ ಬಂದರೆ ಪ್ರಬಂಧ ಮುಗಿಯುತ್ತದೆ. ಅವ್ವ ಹಿಂದಿನ ವಾರ ಊರಿಂದ ಒಂದು ಪುಡಿಕೆಯಲ್ಲಿ ಭಂಡಾರ ಕಳಿಸಿದ್ದಳು. ನಮ್ಮ ಮನೆದೇವರ ಅರಿಶಿನ. ಮರಿ ಹಾಕಿದ ಕುರಿಗೂ, ಹೊಸ ಕಂಬಳಿಗೂ, ಪರೀಕ್ಷೆಗೆ ಹೊರಟ ಮಗಳ ಹಣೆಗೂ ನಮ್ಮಲ್ಲಿ ಹಚ್ಚುವುದು ಅದನ್ನೇ. "ನಿನ್ನ ಕೆಲಸಕ್ಕ ಹಚ್ಚವಾ, ಮರೀಬ್ಯಾಡ" ಎಂದು ಫೋನಿನಲ್ಲಿ ಎರಡೆರಡು ಸಲ ಹೇಳಿದ್ದಳು.

ಎಲ್ಲರೂ ಹೊರಗೆ ಉಪ್ಪಿಟ್ಟು ತಿನ್ನುತ್ತಿದ್ದಾಗ ನಾನು ಒಳಗೆ ಹೋದೆ. ಪ್ಲಾಸ್ಟಿಕ್ಕಿನ ಮೇಲೆ ಭಂಡಾರ ನಿಲ್ಲಲಿಲ್ಲ, ಉದುರಿತು. ಚೀಲದ ಬಾಯಿಗೆ ತುರುಕಿದ ಹತ್ತಿಯ ಮೇಲೆ ಚೆನ್ನಾಗಿ ನಿಲ್ಲುತ್ತದೆ ಅನ್ನಿಸಿತು. ನಾಲ್ಕು ಹನಿ ನೀರಿನಲ್ಲಿ ಕಲೆಸಿ ಒಂದೊಂದು ಹತ್ತಿಗೂ ಒಂದೊಂದು ಬೊಟ್ಟು ಇಟ್ಟೆ. ಹತ್ತಿ ಒಣಗಿರಬೇಕು, ಒದ್ದೆಯಾದರೆ ಹೊರಗಿನ ಬೂಷ್ಟು ಆ ತೇವ ಹಿಡಿದೇ ಒಳಗೆ ಇಳಿಯುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡವಳು ನಾನು. ಆ ಹೊತ್ತಿಗೆ ಅದು ನೆನಪಿಗೇ ಬರಲಿಲ್ಲ. ಬೊಟ್ಟಿಟ್ಟು ಕೈ ಮುಗಿದು ಹೊರಗೆ ಬಂದು ಉಪ್ಪಿಟ್ಟು ತಿಂದೆ.

ಹಬ್ಬದ ರಜೆ ಮುಗಿಸಿ ಐದನೆಯ ದಿನ ಕೋಣೆಯ ಬಾಗಿಲು ತೆಗೆದರೆ ಕಾಗೆಯೂ ಇತ್ತು, ಸ್ವಾಮಿಯೂ ಇದ್ದ. ನನ್ನ ಚೀಲಗಳಷ್ಟೇ ಅಲ್ಲ, ರೈತರಿಗೆ ಕೊಡಬೇಕಾಗಿದ್ದ ಬಾಜೂ ಸಾಲಿನ ಚೀಲಗಳೂ ಹೋಗಿದ್ದವು. ಮಾವಶಿ ಒಂದು ಚೀಲ ಎತ್ತಿ ಹತ್ತಿ ನೋಡಿದರು. ಹಳದಿ ಬೊಟ್ಟು. ಇನ್ನೊಂದು ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಅಷ್ಟರಲ್ಲಿ ಸಾಹೇಬರು ಬಂದರು.

"ಯಾರ ಹಚ್ಚಿದ್ದು ಇದನ್ನ?"

ಪ್ರಬಂಧಕ್ಕೆ ಸಹಿ ಹಾಕುವವರು ಅವರೇ. ಕಾಕಾ ಬಸ್ ಸ್ಟ್ಯಾಂಡಿನಲ್ಲಿ ಅಂದದ್ದು ಕಿವಿಯಲ್ಲಿ ಕೇಳಿದ ಹಾಗಾಯಿತು.

"ನಾನ ರೀ, ಸಾಹೇಬ್ರ" ಎಂದರು ಮಾವಶಿ. "ಹಬ್ಬ ಇತ್ತಲ್ರಿ. ಹಚ್ಚಿದೆ."

ಸಾಹೇಬರು ನಂಬಿದರು. ನಂಬುವುದು ಎಷ್ಟು ಸಲೀಸಾಗಿತ್ತು ಅವರಿಗೆ! ಸಾಲಿ ಕಲಿಯದ ಹೆಂಗಸು, ಹಬ್ಬ, ಅರಿಶಿನ. ಇನ್ನೇನು ಬೇಕು? "ಇದಕ್ಕ ನಾ ಅಂದಿದ್ದು. ಇಂಥವ್ರಿಗೆ ಸರ್ಟಿಫಿಕೇಟ್ ಕೊಟ್ಟು ನಾಳೆ ನಾ ಏನ ಹೇಳ್ಲಿ ಮ್ಯಾಲಿನವ್ರಿಗೆ?" ಎಂದು ಹೋಗಿ ದಾಖಲೆ ಪುಸ್ತಕದಲ್ಲಿ ಮಾವಶಿಯ ಅಜಾಗರೂಕತೆಯಿಂದ ಕೆಟ್ಟದ್ದು ಎಂದು ಬರೆದರು. ನಾನು ಅಲ್ಲೇ ನಿಂತಿದ್ದೆ.

ಆ ದಿನ ಕೆಟ್ಟ ಚೀಲಗಳನ್ನೆಲ್ಲ ಕುದಿಸಿ, ಹೂಳಿ, ಕೋಣೆ ತೊಳೆದೆವು. ಸಂಜೆ ಮಾವಶಿ ಮೊಳೆಯಿಂದ ಕೈಗಡಿಯಾರ ತೆಗೆದುಕೊಳ್ಳುವಾಗ (ಗಂಡ ಹೋದ ಮೇಲೆ ಆ ಮೊಳೆಗೆ ಅವರು ಹಾಕುತ್ತಿದ್ದದ್ದು ಗಡಿಯಾರ) ನಾನು ಕೇಳಿದೆ, "ಯಾಕ ಹಂಗ ಅಂದ್ರಿ, ಮಾವಶಿ? ನಿಮ್ಮ ಕಾಗದ ಹೋತಲ್ರಿ."

"ಮತ್ತ ನೀ ಯಾಕ ಸುಮ್ಕ ನಿಂತಿ?"

ನಾನು ಕೋಣೆಯ ಬಾಗಿಲು ಎಳೆದು ಚಿಲಕ ಹಾಕಿದೆ.

"ನಿಂದು ಹೋದ್ರ ಮತ್ತ ಬರಂಗಿಲ್ಲ. ಕುರಿ ಕಾಯಾಕ ಕಳಸ್ತಾರ. ನಂದು ಇವತ್ತಿಲ್ಲ ನಾಳೆ ಬರ್ತೈತಿ. ನೀ ಕೊಡವಂತಿ." ಗಡಿಯಾರ ಕಟ್ಟಿಕೊಂಡರು. "ನಾಳೆ ಲಗೂ ಬಾ, ಪೂಜಾರಿ. ಅಕ್ಕಿ ನೆನಸೂಣು."

ಅಂದಿನಿಂದ ನನ್ನ ಹೆಸರು ಪೂಜಾರಿ. ಘಟಕದಲ್ಲಿ ಯಾರಿಗೂ ಯಾಕೆಂದು ಗೊತ್ತಿರಲಿಲ್ಲ. "ಪೂಜಾರಿ, ಜೋಳಾ ಸೋಸು." "ಪೂಜಾರಿ ಬಂದಾಳ, ದೇವರನ್ನ ಬಚ್ಚಿಡ್ರಿ." ಕ್ಷಮಿಸಿದರು ಎಂದು ಹೇಳಲಾರೆ. ಒಂದು ತಿಂಗಳು ಬಾಣಂತಿ ಕೋಣೆಗೆ ನನ್ನನ್ನು ಒಬ್ಬಳನ್ನೇ ಬಿಡಲಿಲ್ಲ. ಮೂರನೆಯ ಸಲದ ಕಾಳನ್ನು ಅವರೇ ಎದುರು ನಿಂತು ನನ್ನ ಕೈಯಿಂದ ಮತ್ತೆ ಮಾಡಿಸಿದರು. ಎರಡು ವಾರಕ್ಕೆ ಚೀಲಗಳು ಎಳೆ ಬತ್ತದ ಗದ್ದೆಯ ಹಾಗೆ ಹಸಿರಾದವು. ನನ್ನ ಪ್ರಬಂಧದ ಕೊನೆಯ ಕೋಷ್ಟಕ ಅದೇ.

ಮುಂದಿನ ಮಳೆಗೆ ಕಣಕುಂಬಿ ರಸ್ತೆಯ ಒಂದು ಹಳ್ಳಿಗೆ ಪುಡಿ ಹಾಕಿಸಲು ಹೋದೆವು. ಮಾವಶಿಯ ತವರು ಆ ಕಡೆಯೇ. ತಿಂಗಳು ಬಿಟ್ಟು ಮತ್ತೆ ಹೋಗಿ ಕಬ್ಬಿನ ಬುಡ ಅಗೆದರೆ ಹಸಿರಾಗಿ ಸೆಟೆದ ಹುಳ ಸಿಕ್ಕಿತು. ಮಾವಶಿ ಅದನ್ನು ಅಂಗೈಯಲ್ಲಿಟ್ಟು ಎಲ್ಲರಿಗೂ ತೋರಿಸಿದರು. ಹೊಲದ ಮನೆಯಾಕೆ ಕೇಳಿದಳು, "ನೀವು ಎಷ್ಟ ಕಲತೀರಿ, ಬಾಯಿ?" ಮಾವಶಿ ಗಲ್ಲದಿಂದ ನನ್ನ ಕಡೆ ತೋರಿಸಿದರು. "ಕಲತಾಕಿ ಇಕಿ. ನಾ ಕಲಿಸಿದಾಕಿ."

ನನ್ನ ಡಿಗ್ರಿ ಬಂತು. ಕೆಲಸ ಸಿಕ್ಕಿತು, ಮೊದಲು ಬೇರೆ ಕಡೆ, ಆಮೇಲೆ ಇಲ್ಲೇ. ಸಾಹೇಬರು ನಿವೃತ್ತರಾದ ಮೇಲೆ ಅವರ ಕಪಾಟಿನ ಕೀಲಿ ನನ್ನ ಕೈಗೆ ಬಂತು. ಅಷ್ಟರಲ್ಲಿ ಮಾವಶಿ ಕೆಲಸ ಬಿಟ್ಟಿದ್ದರು. ವರ್ಷಗಟ್ಟಲೆ ಹಸಿರು ಧೂಳು ಕುಡಿದು ಎದೆ ಕಟ್ಟಿತ್ತು. ಈಗ ನಾವು ಮುಖಕ್ಕೆ ಮಾಸ್ಕ್ ಇಲ್ಲದೆ ಜರಡಿ ಮುಟ್ಟುವುದಿಲ್ಲ. ಆಗ ಅವರಿಗೆ ಸೆರಗೇ ಮಾಸ್ಕ್.

ಕುರ್ಚಿಯಲ್ಲಿ ಕೂತ ಮೊದಲ ದಿನವೇ ನಾನು ಆ ಕಾಗದ ಬರೆಯಬಹುದಿತ್ತು. ಬರೆಯಲಿಲ್ಲ. ದಾಖಲೆ ಪುಸ್ತಕದಲ್ಲಿ ಸಾಹೇಬರು ಬರೆದ ಸಾಲಿತ್ತು. ಅದನ್ನು ಹಾಗೇ ಇಟ್ಟು ಕಾಗದ ಕೊಟ್ಟರೆ ಸುಳ್ಳು, ಅದನ್ನು ತಿದ್ದಿದರೆ ನನ್ನ ಹೆಸರು ಬರೆಯಬೇಕು. ಮುಂದಿನ ವಾರ, ಈ ತರಬೇತಿ ಮುಗಿಯಲಿ, ಮಳೆ ಮುಗಿಯಲಿ ಎಂದು ಎರಡು ವರ್ಷ ತಳ್ಳಿದೆ. ನಡುವೆ ನಾಲ್ಕು ಸಲ ಅನಗೋಳಕ್ಕೆ ಹೋಗಿ ಚಹಾ ಕುಡಿದು ಬಂದೆ. ಅವರು ಕೇಳಲಿಲ್ಲ. "ಏನಂತಾನ ಸ್ವಾಮಿ?" ಎಂದು ಕೇಸರಿ ಬೂಷ್ಟಿನ ಯೋಗಕ್ಷೇಮ ಕೇಳುತ್ತಿದ್ದರು, ಅಷ್ಟೇ.

ಫೋನ್ ಬಂದ ದಿನ, ರೊಟ್ಟಿ ತಿಂದ ಮೇಲೆ, ಕಪಾಟು ತೆಗೆದೆ. ಸಾಹೇಬರ ಸಾಲಿನ ಕೆಳಗೆ ಆಗಿದ್ದು ಆಗಿದ್ದಂತೆ ಬರೆದು ಸಹಿ ಹಾಕಿದೆ. ಆಮೇಲೆ ಸರ್ಟಿಫಿಕೇಟು ಬರೆಯಲು ಕೂತರೆ ಅವರ ಪೂರ್ತಿ ಹೆಸರು ನನಗೆ ಗೊತ್ತಿರಲಿಲ್ಲ. ಬಾಜೂಮನೆಯವರಿಗೆ ಫೋನ್ ಮಾಡಿ, ಆಧಾರ್ ಕಾರ್ಡ್ ನೋಡಿ ಹೇಳ್ರಿ ಎಂದೆ. ಆ ಹೆಸರು ಇಲ್ಲಿ ಬರೆಯುವುದಿಲ್ಲ. ಅದು ಇರಬೇಕಾದ ಕಾಗದದ ಮೇಲೆ ಇದೆ.

ಮಣ್ಣು ಮಾಡಿ ಮೂರು ದಿನ ಕಳೆದ ಮೇಲೆ ಅನಗೋಳಕ್ಕೆ ಹೋದೆ. ಕಣಕುಂಬಿ ಕಡೆಯಿಂದ ಅವರ ಅಕ್ಕ ಬಂದು ಕೂತಿದ್ದರು, ಮಾವಶಿಯದೇ ಮೂಗು, ಅದೇ ಗಲ್ಲ. ಕಾಗದ ಕೊಟ್ಟೆ. ಅವರು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ನನಗ ಓದಾಕ ಬರಂಗಿಲ್ಲವಾ. ಏನ ಬರದೈತಿ ಹೇಳು."

ಓದಿದೆ. ಇವರು ಈ ಘಟಕದಲ್ಲಿ ಕಾಳಿನ ಮೇಲೆ ಶಿಲೀಂಧ್ರ ಬೆಳೆಸುವ ಕೆಲಸ ಬಲ್ಲವರು, ಇಲ್ಲಿ ಕಲಿತವರಿಗೆಲ್ಲ ಕಲಿಸಿದವರು, ಖಂಡೇನವಮಿಯ ಚೀಲಗಳು ಕೆಟ್ಟದ್ದು ಇವರಿಂದಲ್ಲ, ಕೆಳಗೆ ಸಹಿ ಹಾಕಿದವಳಿಂದ. ಹಾಜರಿ ಓದಿದ ಹಾಗೆ ಓದಿದೆ.

ಅವರು ಕಾಗದವನ್ನು ಮಡಿಲಲ್ಲಿ ಇಟ್ಟುಕೊಂಡು ಕೇಳಿದರು.

"ಭಂಡಾರ ಹಚ್ಚಿದ ಪೂಜಾರಿ ನೀನ ಏನು?"

"ಹೌದ್ರಿ, ಆಯಿ."

"ಅಕಿ ಅಂತಿದ್ಲು, ಒಂದಿನ ಆ ಹುಡುಗಿ ಕಾಗದಾ ತಗೊಂಡ ಬರ್ತಾಳ ಅಂತ. ಅದು ಆಗೂ ಮಾತಲ್ಲ ಬಿಡು ಅಂತ ನಾನ ಅಂದಿದ್ದೆ."